ನಡುವೆ ಒಂದು ಏಜೆನ್ಸಿ

ಒಂಟಿಕಟ್ಟೆ, ಮೂಡುಬಿದಿರೆ
11 ನವೆಂಬರ್ 2024

ಮಾನ್ಯ ಮನೆ ಮಾಲೀಕರಿಗೆ ನಮಸ್ಕಾರ.

ನಿಮ್ಮ ಒಂಟಿಕಟ್ಟೆಯ ಮನೆಯಲ್ಲಿ ಒಂದೂವರೆ ವರ್ಷದಿಂದ ಬಾಡಿಗೆಗೆ ಇರುವವಳು ನಾನು. ಇಲ್ಲಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಜೊತೆಗೆ ತಾಯಿ ಇದ್ದಾರೆ, ಬಿ.ಎಡ್. ಓದುವ ತಂಗಿ ಇದ್ದಾಳೆ. ನಿಮ್ಮನ್ನು ನಾವು ಯಾರೂ ನೋಡಿಲ್ಲ. ಬೆಳ್ತಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ ನಿಮ್ಮ ಹೋಟೆಲು ಇದೆಯೆಂದು ಪಕ್ಕದ ಮನೆಯ ನೀಲಾವತಿಯಕ್ಕ ಹೇಳಿದ್ದರಿಂದ ಆ ವಿಳಾಸಕ್ಕೇ ಬರೆಯುತ್ತಿದ್ದೇನೆ.

ಮನೆ ಕೊಡುವಾಗ ಮೆಲ್ಕಾರಿನ ಬೆಚ್ಚನೆಗೂಡು ಬಾಡಿಗೆ ಸೇವೆಯವರು ಒಂದು ಕರಾರಿಗೆ ಸಹಿ ಹಾಕಿಸಿಕೊಂಡಿದ್ದರು. ಅದರ ಪ್ರಕಾರ ನಾವು ಮಾಲೀಕರಿಗೆ ಫೋನು ಮಾಡಬಾರದು, ಅವರನ್ನು ಹೋಗಿ ಕಾಣಬಾರದು. ಪತ್ರ ಬರೆಯಬಾರದು ಎಂದು ಮಾತ್ರ ಎಲ್ಲಿಯೂ ಇಲ್ಲ. ಈಗಿನ ಕಾಲದಲ್ಲೂ ಯಾರಾದರೂ ಪತ್ರ ಬರೆದಾರು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಬಾವಿಯ ಪಂಪು ಸೆಪ್ಟೆಂಬರಿನಲ್ಲಿ ಸುಟ್ಟುಹೋಯಿತು. ಏಜೆನ್ಸಿಗೆ ಫೋನು ಮಾಡಿದಾಗಲೆಲ್ಲ "ಓನರ್ ಒಪ್ತಾ ಇಲ್ಲ, ಏನು ಮಾಡುವುದು?" ಎನ್ನುತ್ತಾರೆ. ಅಂದಿನಿಂದ ನಾನೂ ತಂಗಿಯೂ ಹಗ್ಗ ಹಾಕಿ ನೀರು ಸೇದುತ್ತಿದ್ದೇವೆ. ನಮ್ಮ ತೋಳುಗಳು ಗಟ್ಟಿಯಾಗಿವೆ, ಅದೊಂದು ಲಾಭ. ಆದರೆ ತಾಯಿಗೆ ಮಂಡಿನೋವು. ನಾವಿಬ್ಬರೂ ಹೊರಗೆ ಹೋದ ಮೇಲೆ ಅವರು ಒಂದು ಕೊಡ ನೀರಿಗೆ ಪಕ್ಕದ ಮನೆಯವರನ್ನು ಕೂಗಬೇಕು. ದಯವಿಟ್ಟು ಪಂಪು ಸರಿಮಾಡಿಸಿ ಕೊಡಿ.

ಇತಿ,
ನಿಮ್ಮ ಮನೆಯ ಬಾಡಿಗೆಯವಳು


ಬೆಳ್ತಂಗಡಿ
18 ನವೆಂಬರ್ 2024

ಬಾಡಿಗೆಯವರಿಗೆ,

ಹೆಸರಿಲ್ಲದ ಪತ್ರಕ್ಕೆ ಉತ್ತರ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ನಿಮ್ಮ ಅಕ್ಷರ ಚೆನ್ನಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಶಶಿಪ್ರಭಾ. ಮನೆ ನನ್ನ ಮತ್ತು ನನ್ನ ಯಜಮಾನರಾದ ಲೋಕನಾಥರ ಹೆಸರಿನಲ್ಲಿ ಇದೆ. ಹೋಟೆಲಿನ ಕೆಲಸದ ನಡುವೆ ಅತ್ತ ಬಂದುಹೋಗಲು ಆಗುವುದಿಲ್ಲವೆಂದೇ ಇವರು ಅದನ್ನು ಏಜೆನ್ಸಿಗೆ ವಹಿಸಿದ್ದು.

ನೀವು ಬರೆದದ್ದು ಓದಿ ನನಗೆ ಆಶ್ಚರ್ಯವಾಯಿತು. ನೀವು ಬಾವಿಕಟ್ಟೆಯಲ್ಲಿ ಕಾರುಗಳನ್ನು ತೊಳೆದು ತೊಳೆದು ಪಂಪು ಸುಟ್ಟಿರಿ ಎಂದು ಏಜೆನ್ಸಿಯವರು ಅಕ್ಟೋಬರಿನಲ್ಲೇ ಹೇಳಿದ್ದಾರೆ. ಹೊಸ ಪಂಪು ಕೂರಿಸಿ, ಅದರ ದುಡ್ಡನ್ನು ನಮಗೆ ಬರಬೇಕಾದ ಬಾಡಿಗೆಯಲ್ಲಿ ಮುರಿದುಕೊಂಡೂ ಆಗಿದೆ. ಫೋಟೊ ಕಳಿಸಿದ್ದಾರೆ. ನೀಲಿ ಬಣ್ಣದ ಪಂಪು. ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಮಾತು. ಎರಡು ಸಲ ನಾವು ಮನೆ ನೋಡಲು ಬರುತ್ತೇವೆಂದಾಗ, ಮಾಲೀಕರು ಬಂದರೆ ನಿಮಗೆ ಸರಿಯಾಗುವುದಿಲ್ಲ ಎಂದು ಏಜೆನ್ಸಿಯಿಂದ ತಿಳಿಯಿತು. ಒಮ್ಮೆ ಬಂದಾಗ ಬಾಗಿಲಿಗೆ ಬೀಗ ಇತ್ತು. ನನ್ನ ಮನೆಯ ಗೇಟಿನ ಹೊರಗೆ ನಿಂತು ನಾನು ಹಿಂದೆ ಹೋದೆ. ಅದು ನನಗೆ ಮರೆತಿಲ್ಲ. ಪಂಪು ಇದೆಯೋ ಇಲ್ಲವೋ ಬಾವಿಯ ಹತ್ತಿರ ಹೋಗಿ ಇನ್ನೊಮ್ಮೆ ನೋಡಿ.

ಶಶಿಪ್ರಭಾ


ಮೂಡುಬಿದಿರೆ
25 ನವೆಂಬರ್ 2024

ಮಾನ್ಯ ಶಶಿಪ್ರಭಾ ಅವರಿಗೆ,

ಬಾವಿಯ ಹತ್ತಿರ ಹೋಗಿ ನೋಡಿದೆ. ಪಂಪು ಇಲ್ಲ. ನಿಮ್ಮ ಫೋಟೊದ ಮೂಲೆಯಲ್ಲಿ ಒಂದು ಬಿಳಿ ನಾಯಿ ಮಲಗಿದೆಯೇ ನೋಡಿ. ಇದ್ದರೆ ಆ ಪಂಪು ನೀಲಾವತಿಯಕ್ಕನದು, ನಾಯಿಯೂ ಅವರದೇ. ಏಜೆನ್ಸಿಯ ಒಬ್ಬರು ನಮ್ಮ ಕಂಪೌಂಡಿನ ಗೋಡೆಯ ಮೇಲಿಂದ ಬಗ್ಗಿ ಫೋಟೊ ತೆಗೆಯುವುದನ್ನು ನಾನೇ ನೋಡಿದ್ದೆ. ನಾಯಿಯ ಫೋಟೊ ತೆಗೆಯುತ್ತಿದ್ದಾರೆ ಎಂದುಕೊಂಡೆ. ನಮ್ಮಲ್ಲಿ ಕಾರು ಇಲ್ಲ. ಒಂದು ಸ್ಕೂಟರ್ ಇದೆ, ಅದನ್ನು ತೊಳೆಯುವ ಉತ್ಸಾಹ ನನಗಾಗಲಿ ತಂಗಿಗಾಗಲಿ ಇಲ್ಲ.

ಹೆಸರು ಬರೆಯದೆ ಇದ್ದದ್ದು ನಿಮಗೆ ಬೇಸರ ತಂದಿತು. ಕಾರಣ ಹೇಳುತ್ತೇನೆ.

ನನ್ನ ಹೆಸರು ಫಾಹಿಮಾ. ತಾಯಿ ಜೈನಬಮ್ಮ. ತಂಗಿ ಶಿಫಾನಾ. ಮನೆ ಕೊಡುವ ದಿನ ಏಜೆನ್ಸಿಯ ಮ್ಯಾನೇಜರ್ ತರುಣ್ ಹೀಗೆ ಹೇಳಿದ್ದರು: "ಓನರ್‌ಗೆ ನಿಮ್ಮ ಜನ ಆಗುವುದಿಲ್ಲ. ನಾನು ಹೇಗಾದ್ರೂ ಸುಧಾರಿಸ್ತೇನೆ. ನೀವು ಅವರ ಕಣ್ಣಿಗೆ ಬೀಳಬೇಡಿ." ಸುಧಾರಿಸುವ ಖರ್ಚೆಂದು ನಮ್ಮಿಂದ ಸ್ವಲ್ಪ ಹೆಚ್ಚಿಗೆ ತೆಗೆದುಕೊಂಡರು. ನೀವು ಬರುವಿರೆಂದು ಅವರು ಹೇಳಿದ ದಿನ ನಾವು ಮನೆಗೆ ಬೀಗ ಹಾಕಿ ಗಂಟಾಲ್ಕಟ್ಟೆಯ ಸಂಬಂಧಿಕರಲ್ಲಿಗೆ ಹೋಗುತ್ತಿದ್ದೆವು. ಸಂಜೆಯವರೆಗೆ ಅಲ್ಲಿದ್ದು ಬರುತ್ತಿದ್ದೆವು. ಗೇಟಿನ ಹೊರಗೆ ನೀವು ನಿಂತಿದ್ದು ನಮಗೆ ಗೊತ್ತಿರಲಿಲ್ಲ.

ಈಗ ನಿಮಗೆ ನಾವು ಯಾರೆಂದು ತಿಳಿಯಿತು. ನಿಜವಾಗಿಯೂ ಆಗುವುದಿಲ್ಲವೆಂದಾದರೆ ನೀವೇ ನೇರವಾಗಿ ಹೇಳಿ. ಏಜೆನ್ಸಿಯ ಬಾಯಿಂದ ಕೇಳುವುದಕ್ಕಿಂತ ಅದು ವಾಸಿ.

ಇತಿ ನಮಸ್ಕಾರಗಳು,
ಫಾಹಿಮಾ


ಬೆಚ್ಚನೆಗೂಡು ಬಾಡಿಗೆ ಸೇವೆ, ಮೆಲ್ಕಾರ್
9 ಡಿಸೆಂಬರ್ 2024

ಶ್ರೀಮತಿ ಫಾಹಿಮಾ ಇವರಿಗೆ,

ವಿಷಯ: ಮನೆ ಖಾಲಿ ಮಾಡುವ ಬಗ್ಗೆ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಮನೆಯ ಮಾಲೀಕರಿಗೆ ಸ್ವಂತ ವಾಸಕ್ಕೆ ಮನೆಯ ಅಗತ್ಯ ಉಂಟಾಗಿರುವುದರಿಂದ ತಾವು ಜನವರಿ ಅಂತ್ಯದೊಳಗೆ ಸದರಿ ಮನೆಯನ್ನು ಸುಣ್ಣಬಣ್ಣ ಬಳಿಸಿ ತೆರವುಗೊಳಿಸತಕ್ಕದ್ದು. ಈ ಬಗ್ಗೆ ಮಾಲೀಕರನ್ನು ಯಾವುದೇ ರೀತಿಯಲ್ಲಿ ಸಂಪರ್ಕಿಸತಕ್ಕದ್ದಲ್ಲ. ತಮ್ಮ ನೆಮ್ಮದಿಯೇ ನಮ್ಮ ಸಂತೋಷ.

ತಮ್ಮ ವಿಶ್ವಾಸಿ,
ತರುಣ್, ಮ್ಯಾನೇಜರ್


ಮೂಡುಬಿದಿರೆ
16 ಡಿಸೆಂಬರ್ 2024

ಮಾನ್ಯರೇ,

ನನ್ನ ಪತ್ರಕ್ಕೆ ನಿಮ್ಮ ಉತ್ತರ ಬರಲಿಲ್ಲ. ಏಜೆನ್ಸಿಯ ನೋಟಿಸು ಬಂತು. ಅದನ್ನೇ ಉತ್ತರ ಎಂದುಕೊಂಡಿದ್ದೇನೆ.

ಈ ವಾರ ಮೂರು ಮನೆ ನೋಡಿದೆವು. ಮೂರೂ ಚೆನ್ನಾಗಿದ್ದವು. ನನ್ನ ಹೆಸರು ಹೇಳಿದ ಮೇಲೆ ಮೂರನ್ನೂ ಬೇರೆಯವರಿಗೆ ಮಾತು ಕೊಟ್ಟಾಗಿದೆ ಎಂದು ಗೊತ್ತಾಯಿತು. ಇನ್ನೂ ನೋಡುತ್ತೇವೆ. ಹೋಗುವ ಮುಂಚೆ ಮನೆಯನ್ನು ಚೆನ್ನಾಗಿ ತೊಳೆದೇ ಕೊಡುತ್ತೇವೆ, ನೀರು ಸೇದಿಯಾದರೂ ಸರಿ.

ಈ ಮನೆಯಲ್ಲಿ ನಾವು ಸಂತೋಷವಾಗಿದ್ದೆವು. ಅದನ್ನು ನಿಮಗೆ ತಿಳಿಸಬೇಕೆಂದು ತಾಯಿ ಹೇಳಿದರು.

ಫಾಹಿಮಾ


ಬೆಳ್ತಂಗಡಿ
6 ಜನವರಿ 2025

ಪ್ರೀತಿಯ ಫಾಹಿಮಾ,

ಗಂಟುಮೂಟೆ ಬಿಚ್ಚಿ. ಆ ನೋಟಿಸು ನಮ್ಮದಲ್ಲ. ನಾವು ಅದನ್ನು ಕಂಡದ್ದೇ ನಿಮ್ಮ ಪತ್ರದಲ್ಲಿ.

ಹೆಸರು ಬರೆದ ನಿಮ್ಮ ಪತ್ರ ಬಂದ ದಿನ ನಾವಿಬ್ಬರೂ ಅದನ್ನು ಹೋಟೆಲಿನ ಅಡುಗೆಮನೆಯಲ್ಲಿ ನಿಂತೇ ಓದಿದೆವು. ಆಮೇಲೆ ಇವರು, "ಎಂಥ ಜನ ಬೇಕು ಅಂತ ಅವನು ಕೇಳಿದಾಗ ನಾನೇನೂ ಹೇಳಲಿಲ್ಲ ಮಾರಾಯ್ತಿ" ಎಂದರು. ಹೌದು, ಯಾರಾದರೂ ಆದೀತು ಎಂದೂ ಹೇಳಿರಲಿಲ್ಲ. ಆ ವಿಷಯ ಇಷ್ಟು ಸಾಕು. ಉತ್ತರ ಬರೆಯಲು ಏಕೆ ತಡವಾಯಿತೆಂದು ನೀವು ಕೇಳಿಲ್ಲ, ಅದು ನಿಮ್ಮ ದೊಡ್ಡತನ.

ಫೋಟೊದಲ್ಲಿ ನಾಯಿ ಇದೆ. ಇವರು ಏಜೆನ್ಸಿಗೆ ಫೋನು ಮಾಡಿ ಪಂಪಿನ ವಿಷಯ ಮೆಲ್ಲ ಕೇಳಿದರು. ಇವರು ಯಾವುದನ್ನೂ ಜೋರಾಗಿ ಕೇಳುವವರಲ್ಲ. ಅಲ್ಲಿಂದ ಒಂದೇ ವಾರದಲ್ಲಿ ನಿಮಗೆ ನೋಟಿಸು ಬಂದಿದೆ. ಅದು ತಿಳಿದ ಮೇಲೆ ನಾನೇ ಹೋಗುವುದೆಂದು ತೀರ್ಮಾನಿಸಿದೆ. ಹೋದದ್ದು ಮಾಲೀಕಳಾಗಿ ಅಲ್ಲ, ಬಾಡಿಗೆಗೆ ಮನೆ ಹುಡುಕುವವಳಾಗಿ. ಆ ತರುಣ್ ಇವರ ದನಿ ಕೇಳಿದ್ದಾನೆ ವಿನಾ ನನ್ನ ಮುಖ ನೋಡಿಲ್ಲ. ವಾಮದಪದವಿನವಳು ಎಂದು ಹೇಳಿದೆ. ಅದು ನನ್ನ ತವರು, ಆದ್ದರಿಂದ ಸುಳ್ಳೂ ಅಲ್ಲ.

"ಕೂತುಕೊಳ್ಳಿ ಅಮ್ಮ. ಮನೆ ಎಲ್ಲಿ ಬೇಕು?"

"ಮೂಡುಬಿದಿರೆಯಲ್ಲಿ. ಬಾವಿ ಇದ್ದರೆ ಒಳ್ಳೆಯದು."

"ಉಂಟು, ಫಸ್ಟ್ ಕ್ಲಾಸ್ ಮನೆ ಉಂಟು, ಒಂಟಿಕಟ್ಟೆಯಲ್ಲಿ. ಈಗ ಇರುವವರನ್ನು ಈ ತಿಂಗಳು ಎಬ್ಬಿಸ್ತೇವೆ."

"ಯಾಕೆ, ಅವರು ಬಾಡಿಗೆ ಕೊಡುವುದಿಲ್ವಾ?"

"ಕೊಡ್ತಾರೆ. ಆದ್ರೆ ಪಂಪು ಅದು ಇದು ಅಂತ ಓನರ್‌ಗೆ ಯಾರ ಮೂಲಕವೋ ಚಾಡಿ ಹೇಳಿದ್ದಾರೆ. ಅಂಥವರನ್ನು ಇಟ್ಟುಕೊಂಡ್ರೆ ನಮ್ಮ ಉಳಿದ ಬಾಡಿಗೆಯವರೂ ಕಲೀತಾರೆ."

"ಓನರ್ ಹೇಗೆ?"

"ಅವರು ಪಾಪ, ಹೋಟೆಲಿನವರು. ಏನು ಹೇಳಿದ್ರೂ ಆಯ್ತು ಅಂತಾರೆ. ಹೆಂಡತಿ ಸ್ವಲ್ಪ ಜಗಳಗಂಟಿ ಅಂತೆ. ನೀವು ತಲೆಬಿಸಿ ಮಾಡಬೇಡಿ, ಆ ಹೆಂಗಸನ್ನು ನಾನು ನೋಡಿಕೊಳ್ತೇನೆ."

ನಾನು ಅವನು ತರಿಸಿಕೊಟ್ಟ ಚಹಾ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಆಮೇಲೆ ಅವನು ಫೋನಿನಿಂದ ತಲೆಯೆತ್ತದೆ, "ನೀವು ಯಾವ ಜನ ಅಮ್ಮ?" ಎಂದು ಕೇಳಿದ. ಹೇಳಿದೆ. "ಹಾಗಾದ್ರೆ ಏನೂ ತೊಂದರೆ ಇಲ್ಲ" ಎಂದ. ನನ್ನ ಉತ್ತರ ಬೇರೆಯಾಗಿದ್ದರೆ ಅವನು ಏನನ್ನುತ್ತಿದ್ದ ಎಂದು ಬಸ್ಸಿನಲ್ಲಿ ಬಿ.ಸಿ.ರೋಡಿನಿಂದ ಬೆಳ್ತಂಗಡಿಯ ತನಕ ಯೋಚಿಸಿದೆ.

ಈ ತಿಂಗಳ ಹತ್ತೊಂಬತ್ತು, ಭಾನುವಾರ, ಅವನು ಒಬ್ಬ ಹೆಂಗಸನ್ನು ಮನೆ ತೋರಿಸಲು ಕಾರಿನಲ್ಲಿ ಕರೆದುಕೊಂಡು ಬರುತ್ತಾನೆ. ಆ ಹೆಂಗಸು ನಾನೇ. ನೀವು ಗುರುತಿಲ್ಲದ ಹಾಗೆ ಇರಬೇಕು. ಅದೇನು ಕಷ್ಟವಿಲ್ಲ, ನಿಜವಾಗಿಯೂ ಗುರುತಿಲ್ಲವಲ್ಲ. ನೀಲಿ ಸೀರೆ ಉಟ್ಟಿರುತ್ತೇನೆ.

ನಿಮ್ಮ,
ಶಶಿಪ್ರಭಾ


ಬೆಳ್ತಂಗಡಿ
22 ಜನವರಿ 2025

ಚಿರಂಜೀವಿ ಫಾಹಿಮಾಳಿಗೆ ಲೋಕನಾಥ ಮಾಡುವ ಆಶೀರ್ವಾದ.

ಭಾನುವಾರ ಅಲ್ಲಿ ಏನು ನಡೆಯಿತು? ನನ್ನ ಹೆಂಡತಿ ರಾತ್ರಿ ಬಂದವಳು ಚಪ್ಪಲಿ ಬಿಡುವಾಗಲೇ ನಗಲು ತೊಡಗಿದಳು. "ಹೇಳು ಮಾರಾಯ್ತಿ" ಎಂದರೆ ಎರಡು ಮಾತು ಹೇಳುತ್ತಾಳೆ, ಮತ್ತೆ ನಗುತ್ತಾಳೆ. ಹೋಟೆಲಿನ ಮಾಣಿಗಳೆಲ್ಲ ಕೆಲಸ ಬಿಟ್ಟು ಸುತ್ತ ನಿಲ್ಲುತ್ತಾರೆ. ಪೂರ್ತಿ ಕಥೆ ಬೇಕಾದರೆ ಬಾಡಿಗೆಯವರನ್ನೇ ಕೇಳಿ ಎನ್ನುತ್ತಾಳೆ. ಆದ್ದರಿಂದ ಕೇಳುತ್ತಿದ್ದೇನೆ. ಒಂದೂ ಬಿಡದೆ ಬರೆಯಬೇಕು. ಮನೆಯ ವಿಷಯದಲ್ಲಿ ನಾನು ಯಾರನ್ನೂ ಏನನ್ನೂ ಕೇಳದೆ ಇದ್ದದ್ದು ಸಾಕಾಯಿತು.

ಲೋಕನಾಥ


ಮೂಡುಬಿದಿರೆ
28 ಜನವರಿ 2025

ಲೋಕನಾಥಣ್ಣನಿಗೆ ನಮಸ್ಕಾರಗಳು.

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬರುವವರು ಯಾರೆಂದು ನಮ್ಮ ತಾಯಿಗೆ, ಉಮ್ಮನಿಗೆ, ನಾವು ಹೇಳಿರಲಿಲ್ಲ. ಅವರ ಮುಖದಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಕಾರು ಬಂತು. ಶಿಫಾನಾ ನೀಲಿ ಸೀರೆ ಕಂಡದ್ದೇ ಒಳಕ್ಕೆ ಓಡಿ ದಿಂಬಿನಲ್ಲಿ ಮುಖ ಹುದುಗಿಸಿದಳು. ಆದ್ದರಿಂದ ಎಲ್ಲವನ್ನೂ ನಾನೊಬ್ಬಳೇ ನಿಭಾಯಿಸಬೇಕಾಯಿತು.

ತರುಣ್ ಮನೆ ತೋರಿಸಲು ಶುರುಮಾಡಿದರು. ಚಾವಡಿಯ ಕೆಂಪು ನೆಲವನ್ನು ತೋರಿಸಿ, "ಇದು ಅರಮನೆಗೆ ಹಾಕುವ ಸಾಮಾನು ಅಮ್ಮ, ಈಗ ಸಿಕ್ಕುವುದೇ ಇಲ್ಲ" ಎಂದರು. ಶಶಿಪ್ರಭಕ್ಕ ಬಗ್ಗಿ, ಬೆರಳಿನಿಂದ ಉಜ್ಜಿ ನೋಡಿ, "ಹೌದಾ? ನೋಡಿದ್ರೆ ಬರಿಯ ರೆಡ್‌ಆಕ್ಸೈಡಿನ ಹಾಗೆ ಕಾಣ್ತದೆ" ಎಂದರು. ನಾನು ಕಿಟಕಿಯ ಕಡೆ ತಿರುಗಿದೆ.

ಉಮ್ಮ ಎಂದಿನಂತೆ, "ಬಲೆ ಅಕ್ಕ, ಕುಲ್ಲುಲೆ" ಎಂದು ತುಳುವಿನಲ್ಲಿ ಒಳಗೆ ಕರೆದು ಕೂರಿಸಿ ಶರಬತ್ತು ಕೊಟ್ಟರು. ತರುಣ್ ಅದೇ ಹೊತ್ತಿಗೆ, "ಈಗ ಇರುವವರು ಮನೆಯನ್ನು ಸ್ವಲ್ಪ ಹಾಳು ಮಾಡಿದ್ದಾರೆ, ನಾವು ಎಲ್ಲ ಸರಿಮಾಡಿ ಕೊಡ್ತೇವೆ" ಎಂದರು, ನಾವು ಅಲ್ಲಿ ಇಲ್ಲವೇ ಇಲ್ಲವೆಂಬಂತೆ. ಉಮ್ಮ ಗ್ಲಾಸು ಕೆಳಗಿಟ್ಟರು. ತುಳುವಿನಲ್ಲಿಯೇ ಹೇಳಿದರು. ಅದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ:

"ಅಕ್ಕ, ನೀವು ಬರುವುದಾದ್ರೆ ಬನ್ನಿ. ಮನೆಗೆ ಹೆದರಬೇಡಿ, ಈ ಮನುಷ್ಯನಿಗೆ ಹೆದರಿ. ಮನೆ ಕಟ್ಟಿಸಿದ ಹೆಂಗಸನ್ನು ನಾನು ನೋಡಿಲ್ಲ. ನಮ್ಮನ್ನು ಕಂಡ್ರೆ ಅವಳಿಗೆ ಆಗುವುದಿಲ್ಲ, ನೀರು ಕೊಡ್ಲಿಕ್ಕೂ ಮನಸ್ಸಿಲ್ಲ ಅಂತ ಇವರು ಹೇಳ್ತಾರೆ. ಬನ್ನಿ, ಅಡುಗೆಮನೆ ತೋರಿಸ್ತೇನೆ. ಕಿಟಕಿ ಎಲ್ಲಿ ಉಂಟು ನೋಡಿ. ಒಲೆಯ ಎದುರಿಗೇ. ನಿಂತು ಬೇಯಿಸುವವಳಿಗೆ ದಾರಿಯಲ್ಲಿ ಹೋಗುವವರು ನಾಲ್ಕು ಜನ ಕಾಣ್ಲಿ, ಬೇಜಾರಾಗದೆ ಇರ್ಲಿ ಅಂತ. ಇಷ್ಟು ಯೋಚನೆ ಮಾಡಿ ಕಿಟಕಿ ಇಟ್ಟವಳು ಇನ್ನೊಬ್ಬಳಿಗೆ ನೀರು ಇಲ್ಲ ಅಂತ ಹೇಳ್ತಾಳಾ? ನಾನು ನಂಬುವುದಿಲ್ಲ."

ಅಣ್ಣ, ಶಶಿಪ್ರಭಕ್ಕ ನಿಮಗೆ ಈ ಭಾಗ ಹೇಳಿರಲಿಕ್ಕಿಲ್ಲ. ಅವರು ಕಿಟಕಿಯ ಸರಳು ಹಿಡಿದು ತುಂಬ ಹೊತ್ತು ಹೊರಗೆ ನೋಡಿದರು. ಆ ಹೊತ್ತು ದಾರಿಯಲ್ಲಿ ಯಾರೂ ಹೋಗುತ್ತಿರಲಿಲ್ಲ.

ತರುಣ್‌ಗೆ ಗಡಿಬಿಡಿಯಾಯಿತು. "ಬನ್ನಿ ಅಮ್ಮ, ಬಾವಿ ನೋಡುವ. ಹೊಸ ಪಂಪು ಹಾಕಿದ್ದೇವೆ" ಎಂದು ಹಿಂಬಾಗಿಲಿಗೆ ಹೋದರು. ಬಾಗಿಲು ತೆರೆಯಲಿಲ್ಲ. ನೂಕಿದರು, ಗುದ್ದಿದರು, ಹೆಗಲು ಕೊಟ್ಟರು. "ಇವರು ಬಾಗಿಲನ್ನೂ ಹಾಳು ಮಾಡಿದ್ದಾರೆ!" ಎಂದರು. ಶಶಿಪ್ರಭಕ್ಕ ಅವರನ್ನು ಪಕ್ಕಕ್ಕೆ ಸರಿಸಿ, ಚಿಲಕವನ್ನು ಒಂದಿಷ್ಟು ಮೇಲಕ್ಕೆತ್ತಿ ಎಳೆದರು. ಬಾಗಿಲು ತೆರೆದುಕೊಂಡಿತು.

"ನಿಮಗೆ ಹೇಗೆ ಗೊತ್ತಾಯ್ತು?"

"ಆಚಾರಿ ಕೂರಿಸಿದಂದಿನಿಂದ ಇದು ಹೀಗೆಯೇ. ಸರಿಮಾಡಿಸುವ, ಸರಿಮಾಡಿಸುವ ಅಂತ ಎಷ್ಟೋ ವರ್ಷ ಹೇಳಿದೆ ಇವರಿಗೆ."

"ಯಾರಿಗೆ?"

"ಹೋಟೆಲಿನವರಿಗೆ. ಏನು ಹೇಳಿದ್ರೂ ಆಯ್ತು ಅಂತಾರಲ್ಲ, ಅವರಿಗೆ."

ತರುಣ್ ಬಾವಿಕಟ್ಟೆಯ ಮೇಲೆ ಕುಳಿತರು. ಬಿದ್ದಾರೆಂದು ನಾನು ಹೆದರಿದೆ. "ಮೇಡಂ... ಹಾಗಾದ್ರೆ ನೀವು..."

"ಜಗಳಗಂಟಿ" ಎಂದರು ಶಶಿಪ್ರಭಕ್ಕ. "ನಾನು ನೋಡಿಕೊಳ್ತೇನೆ ಅಂದಿದ್ದಿರಲ್ಲ, ನೋಡಿಕೊಳ್ಳಿ. ಮೊದಲು ನನ್ನ ನೀಲಿ ಪಂಪು ಎಲ್ಲಿ ತೋರಿಸಿ."

ಅಷ್ಟರಲ್ಲಿ ಗೋಡೆಯ ಆಚೆಯಿಂದ ನೀಲಾವತಿಯಕ್ಕ, "ಅದು ನನ್ನದು!" ಎಂದು ಕೂಗಿದರು. ಅವರು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ ತಿಳಿಯದು. ದಿಂಬು ಬಿಟ್ಟು ಬಂದ ಶಿಫಾನಾ ನೆಲದ ಮೇಲೆ ಕುಳಿತು ನಗುತ್ತಿದ್ದಳು.

ಶಶಿಪ್ರಭಕ್ಕ ದನಿ ಏರಿಸಲಿಲ್ಲ. ನೋಟಿಸು ಯಾರು ಕೊಡಿಸಿದ್ದು, ತಾನು ಯಾವಾಗ ನಮ್ಮನ್ನು ಬೇಡವೆಂದದ್ದು, ಎರಡನ್ನೇ ಕೇಳಿದರು. ಮತ್ತೆ, "ಇನ್ನು ಈ ಮನೆಗೂ ನಿಮಗೂ ಸಂಬಂಧ ಇಲ್ಲ. ಬೀಗದ ಕೈ ಇಲ್ಲಿಡಿ" ಎಂದರು. ತರುಣ್ ಇಟ್ಟು ಹೋದರು. ಕಾರು ಹೋದ ಮೇಲೆಯೇ ಶಶಿಪ್ರಭಕ್ಕನಿಗೆ ತಾನು ಹಿಂದೆ ಹೋಗುವುದು ಹೇಗೆಂಬ ಯೋಚನೆ ಬಂದದ್ದು.

ಸಂಜೆಯ ಬಸ್ಸಿನ ತನಕ ಇಲ್ಲಿಯೇ ಇದ್ದರು. ಉಮ್ಮ ನಮ್ಮಿಬ್ಬರಿಗೆ ಚೆನ್ನಾಗಿ ಬೈದರು. ಮನೆಯ ಯಜಮಾನಿಯ ಎದುರೇ ಯಜಮಾನಿಯ ವಿಷಯ ಮಾತಾಡಿಸಿದಿರಲ್ಲ ಎಂದು. ಮತ್ತೆ ಅವರಿಬ್ಬರೂ ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಏನು ಮಾತಾಡಿದರೆಂದು ನಮಗೆ ಹೇಳಿಲ್ಲ.

ನಿಮ್ಮ ತಂಗಿಯಂಥ,
ಫಾಹಿಮಾ


ಬೆಳ್ತಂಗಡಿ
20 ಫೆಬ್ರವರಿ 2025

ಪ್ರೀತಿಯ ಫಾಹಿಮಾ,

ಪಂಪು ಹೇಗೆ ನಡೆಯುತ್ತಿದೆ? ಕೂರಿಸಿದವರು ನಿಮ್ಮ ಉಮ್ಮ ಕೊಟ್ಟ ರೊಟ್ಟಿಯ ಸುದ್ದಿಯನ್ನೇ ಹೇಳಿದರು, ಪಂಪಿನ ಸುದ್ದಿ ಹೇಳಲಿಲ್ಲ.

ತರುಣ್ ಮೊನ್ನೆ ಹೋಟೆಲಿಗೆ ಬಂದಿದ್ದ. ಬಾಕಿ ಲೆಕ್ಕ ಒಪ್ಪಿಸಿದ, ನಿಮ್ಮಿಂದ ಹೆಚ್ಚಿಗೆ ಪಡೆದದ್ದನ್ನೂ. ಅದನ್ನು ಇವರು ನಿಮ್ಮ ಖಾತೆಗೆ ಹಾಕಿದ್ದಾರೆ. "ಈ ಫೀಲ್ಡಿನಲ್ಲಿ ಎಲ್ಲರೂ ಹೀಗೆಯೇ ಮಾಡ್ತಾರೆ ಅಕ್ಕ" ಎಂದ. "ಎಲ್ಲರೂ ಬಂದ್ರೆ ಎಲ್ಲರಿಗೂ ಬೈತೇನೆ. ಈಗ ನೀನು ಬಂದಿದ್ದಿ" ಎಂದೆ. ಇವರು ಅಡ್ಡ ಬಂದು ಅವನಿಗೆ ಬನ್ಸು ಕೊಡಿಸಿದರು. ತಿಂದ. ಇವರ ಸ್ವಭಾವ ಅಷ್ಟೇ, ಇನ್ನು ತಿದ್ದಲು ಹೋಗುವುದಿಲ್ಲ.

ಆದರೆ ಈ ಸಲ ಇವರೂ ಒಂದು ಕೆಲಸ ಮಾಡಿದರು. ವಾಮದಪದವಿನಲ್ಲಿ ನಮ್ಮ ಗುರುತಿನವರೊಬ್ಬರು ಅದೇ ಏಜೆನ್ಸಿಗೆ ಮನೆ ಕೊಟ್ಟಿದ್ದಾರೆ. ಇವರು ತಾವಾಗಿ ಅವರಲ್ಲಿಗೆ ಹೋಗಿ, "ನಿಮ್ಮ ಬಾಡಿಗೆಯವರನ್ನು ನೀವು ನೋಡಿದ್ದೀರಾ?" ಎಂದು ಕೇಳಿದರು. ಇಲ್ಲವಂತೆ. ಮನೆಗೆ ಹೊಸ ಪಂಪು ಹಾಕಿಸಿದ ಫೋಟೊ ಮಾತ್ರ ಬಂದಿದೆಯಂತೆ. ತೋರಿಸಿದರಂತೆ. ನೀಲಿ ಪಂಪು, ಮೂಲೆಯಲ್ಲಿ ಬಿಳಿ ನಾಯಿ. ಆ ನಾಯಿ ಈ ಜಿಲ್ಲೆಯ ಎಷ್ಟು ಬಾವಿಗಳನ್ನು ಕಾಯುತ್ತಿದೆಯೋ! ಇಬ್ಬರೂ ಅಂದೇ ಅವರ ಬಾಡಿಗೆಯವರನ್ನು ನೋಡಲು ಹೋದರು.

ಶಶಿಪ್ರಭಾ


ಮೂಡುಬಿದಿರೆ
24 ಮಾರ್ಚ್ 2025

ಪ್ರೀತಿಯ ಶಶಿಪ್ರಭಕ್ಕ,

ಒಂದು ಸಂತೋಷದ ಸುದ್ದಿ, ಒಂದು ಕೋರಿಕೆ. ಶಿಫಾನಾಳಿಗೆ ಸಂಬಂಧ ಕೂಡಿಬಂದಿದೆ. ಹುಡುಗ ಮೆಲ್ಕಾರಿನ ಹತ್ತಿರದ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮದುವೆ ಏಪ್ರಿಲ್ ಹದಿಮೂರಕ್ಕೆ, ಹಾಲ್‌ನಲ್ಲಿ. ಅದರ ಹಿಂದಿನ ದಿನದ ಮೆಹಂದಿ ಕಾರ್ಯಕ್ರಮ ಮಾತ್ರ ಮನೆಯಲ್ಲಿಯೇ ಆಗಬೇಕೆಂದು ಅವಳ ಹಟ. ಅಂಗಳದಲ್ಲಿ ಚಪ್ಪರ ಹಾಕಬಹುದೇ? ಬಾಡಿಗೆ ಮನೆಯಲ್ಲಿ ಇಷ್ಟೊಂದು ಆಸೆ ಸರಿಯಲ್ಲವೇನೋ. ಬೇಡವೆಂದರೆ ಖಂಡಿತ ಬೇಸರವಿಲ್ಲ.

ಹಾಕಬಹುದಾದರೆ ನೀವೂ ಅಣ್ಣನೂ ಬರಬೇಕು.

ಫಾಹಿಮಾ


ಬೆಳ್ತಂಗಡಿ
1 ಏಪ್ರಿಲ್ 2025

ಪ್ರೀತಿಯ ಫಾಹಿಮಾ,

ಎಲ್ಲರಿಗೂ ಹಬ್ಬದ ಶುಭಾಶಯ. ಚಪ್ಪರ ಹಾಕಿ. ನೀಲಾವತಿಯ ಗೋಡೆಯ ತನಕ ಹಾಕಿ.

ಇವರು ನಿನ್ನೆಯೇ ಹೊಸ ಶರಟು ಹೊಲಿಯಲು ಕೊಟ್ಟರು. ಗೋಳಿಬಜೆಯ ಬಾಣಲೆಯನ್ನೂ ಭಟ್ಟರನ್ನೂ ಇಲ್ಲಿಂದಲೇ ತರುತ್ತೇವೆಂದು ಹೇಳುತ್ತಿದ್ದಾರೆ. ನೀವು ಬೇಡವೆಂದರೂ ತರುತ್ತಾರೆ.

ನನಗೆ ಮಾತ್ರ ಒಂದು ಸಂಶಯ. ಆ ಮನೆಯಲ್ಲಿ ಈವರೆಗೆ ನಡೆದ ಕಾರ್ಯಗಳಿಗೆಲ್ಲ ಕರೆದವಳು ನಾನೇ. ಕರೆಸಿಕೊಂಡು ಹೋದದ್ದಿಲ್ಲ. ಅತಿಥಿಗಳಾಗಿ ಎಷ್ಟು ಹೊತ್ತಿಗೆ ಬರಬೇಕು, ಎಲ್ಲಿ ಕೂರಬೇಕು ಒಂದೂ ತಿಳಿಯುತ್ತಿಲ್ಲ. ನಗಬೇಡ, ಬರೆದು ತಿಳಿಸು.

ನಿನ್ನ,
ಶಶಿಪ್ರಭಾ


ಮೂಡುಬಿದಿರೆ
5 ಏಪ್ರಿಲ್ 2025

ಪ್ರೀತಿಯ ಶಶಿಪ್ರಭಕ್ಕ,

ಅತಿಥಿಗಳು ಸಂಜೆ ಬರುತ್ತಾರೆ. ನೀವಿಬ್ಬರೂ ಬೆಳಿಗ್ಗೆಯೇ ಬನ್ನಿ. ತೆಂಗಿನಕಾಯಿ ತುರಿಯಲು ಮನೆಯವರು ಸಾಲುವುದಿಲ್ಲ ಎಂದು ಉಮ್ಮ ಹೇಳುತ್ತಿದ್ದಾರೆ.

ಫಾಹಿಮಾ